ಬೀಳದ ಏಟು

ಹಾಡಿನ ಎರಡನೆಯ ಸಾಲು ಇನ್ನೂ ಮುಗಿದಿರಲಿಲ್ಲ. ಮುಂದೆ ಜಮಖಾನೆಯ ಮೇಲೆ ಕುಳಿತಿದ್ದ ಒಂಬತ್ತನೆಯ ತರಗತಿಯ ಹುಡುಗಿಯರು ಚಪ್ಪಾಳೆ ತಟ್ಟತೊಡಗಿದರು. ನನ್ನ ಪಜೀತಿ ಶುರುವಾದದ್ದು ಆಗ. ಅಲ್ಲಿಯವರೆಗೆ ಗಿಟಾರಿನಲ್ಲಿ ಹಾಡನ್ನು ನನಗೆ ಬೇಕಾದಂತೆ ಎಳೆದುಕೊಂಡು ಹೋಗುತ್ತಿದ್ದೆ. ಕಾರ್ಡ್ ಎಂದರೆ ಕೆಲವು ಸ್ವರಗಳು ಒಟ್ಟಿಗೆ ನುಡಿಯುವಂತೆ ಎಡಗೈ ಬೆರಳುಗಳಿಂದ ತಂತಿಗಳನ್ನು ಅದುಮಿ ಹಿಡಿಯುವ ಹಿಡಿತ. ಸಿ ಕಾರ್ಡಿನಿಂದ ಜಿ ಕಾರ್ಡಿಗೆ ಬೆರಳುಗಳು ಹೋಗಿ ಕೂರುವಷ್ಟು ಹೊತ್ತು ಹಾಡು ಪಾಪ ಬಾಗಿಲಲ್ಲಿ ನನಗಾಗಿ ಕಾದು ನಿಲ್ಲುತ್ತಿತ್ತು. ಚಪ್ಪಾಳೆಗೆ ಆ ದಾಕ್ಷಿಣ್ಯವಿಲ್ಲ. ಮೂವತ್ತು ಜೊತೆ ಕೈಗಳು ಒಂದು ದಾರಿ ಹಿಡಿದವು, ನನ್ನ ಬಲಗೈ ಇನ್ನೊಂದು. ಹಿಂದೆ ಬಿದ್ದೆನೆಂದು ಓಡಿದೆ, ಓಡಿ ಅವರನ್ನು ದಾಟಿಬಿಟ್ಟೆ, ದಾಟಿದೆನೆಂದು ಗೊತ್ತಾಗಿ ನಿಂತೆ. ಚರಣಕ್ಕೆ ಬರುವಷ್ಟರಲ್ಲಿ ಹುಡುಗಿಯರಿಗೇ ಅನುಮಾನ ಬಂದು ಒಬ್ಬೊಬ್ಬರಾಗಿ ಕೈ ಕಟ್ಟಿ ಕುಳಿತರು. ಅಂದು ನಿವೃತ್ತರಾಗುತ್ತಿದ್ದ ಹಿರಿಯ ಸಹೋದ್ಯೋಗಿ ಶಾಲು, ಹಾರಗಳ ನಡುವಿನಿಂದ ನನ್ನನ್ನು ನೋಡಿ ಮುಗುಳ್ನಕ್ಕರು. ಮೂವತ್ತು ವರ್ಷ ಮಕ್ಕಳ ತಪ್ಪು ಉತ್ತರಗಳನ್ನು ಕೇಳಿಸಿಕೊಂಡವರ ನಗೆ ಅದು.

ನಾನು ಗಣಿತ ಕಲಿಸುವವನು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಕೊಪ್ಪಳದ ಒಂದು ಪ್ರೌಢಶಾಲೆಯಲ್ಲಿ ಹದಿನಾರು ವರ್ಷಗಳಿಂದ ವರ್ಗಸಮೀಕರಣ, ತ್ರಿಕೋನಮಿತಿ ಎಂದು ಮಕ್ಕಳ ತಲೆ ತಿನ್ನುತ್ತಿರುವವನು, ಒಂದರಿಂದ ನಾಲ್ಕರವರೆಗೆ ಎಣಿಸಲು ಬಾರದೆ ಅದೇ ಮಕ್ಕಳ ಮುಂದೆ ತಲೆ ತಗ್ಗಿಸಿದೆ. ಮರುದಿನ ಸ್ಟಾಫ್ ರೂಮಿನಲ್ಲಿ ಸಮಾಧಾನ ಹೇಳಲು ಬಂದವರೆಲ್ಲ ಮಾತಾಡಿಕೊಂಡು ಬಂದವರಂತೆ ಒಂದೇ ಮಾತು ಹೇಳಿದರು: "ಸರ್, ಕಾರ್ಡುಗಳೆಲ್ಲ ಸರಿಯಾಗಿಯೇ ಇದ್ದವು." ಇದ್ದವು, ನಿಜ. ಅದೇ ನನ್ನನ್ನು ಕೊರೆಯತೊಡಗಿತು. ಸ್ವರಗಳೆಲ್ಲ ಸರಿ ಇದ್ದೂ ಹಾಡು ಹಾಡಾಗಲಿಲ್ಲ ಎಂದರೆ ಆ ಹಾಡು ಇದ್ದದ್ದಾದರೂ ಎಲ್ಲಿ?

ಎಡಗೈಯ ಗರ್ವ

ಗಿಟಾರನ್ನು ನಾಲ್ಕು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ತಂದೆ. ರೈಲಿನ ಮೇಲಿನ ಹಲಗೆಯ ಮೇಲೆ ಅದನ್ನು ಮಲಗಿಸಿ, ಗದಗ ದಾಟಿ ಭಾನಾಪುರ ಬರುವವರೆಗೂ ಮಗುವನ್ನು ನೋಡುವಂತೆ ಕತ್ತೆತ್ತಿ ನೋಡುತ್ತ ಕುಳಿತಿದ್ದೆ. ಕರಿಯ ಚೀಲದೊಳಗೆ ಏನಿದೆ ಎಂದು ತಿಳಿಯದ ಎದುರಿನ ಸೀಟಿನ ಅಜ್ಜ "ಯಾವ ದೇವರ ಮೂರ್ತಿ?" ಎಂದು ಕೇಳಿದ್ದರು. ಮೊದಲ ಒಂದು ವರ್ಷ ಪೂರ್ತಿ ಎಡಗೈಯ ಸೇವೆಯಲ್ಲಿ ಕಳೆಯಿತು. ಬೆರಳ ತುದಿ ಸುಲಿದು, ಉರಿದು, ಕೊನೆಗೆ ಜಡ್ಡುಗಟ್ಟಿತು. ಆ ಜಡ್ಡನ್ನು ಮನೆಗೆ ಬಂದವರಿಗೆಲ್ಲ ಮುಟ್ಟಿಸಿ ತೋರಿಸಿದೆ. ಒಂದೇ ತೋರುಬೆರಳಿನಿಂದ ಆರೂ ತಂತಿಗಳನ್ನು ಅದುಮಿ ಹಿಡಿಯುವ ಎಫ್ ಕಾರ್ಡ್ ಮೊದಲ ಸಲ ಸ್ವಚ್ಛವಾಗಿ ನುಡಿದ ದಿನ ಮನೆಯಲ್ಲಿ ಶಿರಾ ಮಾಡಿಸಿದ್ದೆ. ಬಲಗೈಯ ಕಡೆಗೆ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ನೋವಾಗದ ಕೈಗೆ ಕಲಿಯುವುದೇನಿದೆ ಎಂಬ ಭಾವನೆ. ತಂತಿಯ ಮೇಲೆ ಪಿಕ್ಕನ್ನು, ಅಂದರೆ ಮೀಟುವ ಆ ತೆಳು ಬಿಲ್ಲೆಯನ್ನು, ಎಳೆಯುವುದು ಯಾವ ಮಹಾ ವಿದ್ಯೆ?

ಸಮಾರಂಭದ ನಂತರವೂ ಬಲಗೈಯ ಮೇಲೆ ಅನುಮಾನ ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೊದಲು ತಂತಿ ಡೊಂಕು ಎಂದೆ. ಹಳೆಯವನ್ನು ಬಿಚ್ಚಿ ತೆಳುವಾದವನ್ನು ಹಾಕಿಸಿದೆ. ಆಮೇಲೆ ಪಿಕ್ ಡೊಂಕು ಎಂದೆ. 0.73 ಮಿಲಿಮೀಟರ್ ದಪ್ಪದ್ದನ್ನು ಬಿಟ್ಟು 0.46ರದ್ದನ್ನು ತರಿಸಿದೆ. ತೆಳುವಾದ ಪಿಕ್ ಬಾಗುತ್ತದೆ, ತಂತಿಗೆ ಸಿಕ್ಕಿಬೀಳುವುದಿಲ್ಲ, ಏಟು ಒರಟಾಗಿದ್ದರೂ ಕ್ಷಮಿಸಿಬಿಡುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಬಿದ್ದ ಏಟನ್ನು ಮಾತ್ರ ಅದೂ ಕ್ಷಮಿಸಲಿಲ್ಲ.

ಕಣ್ಣು ತೆರೆಸಿದ್ದು ಮಗಳು. ನಾನು ನುಡಿಸುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಏನೂ ಹೇಳದೆ ನನ್ನ ಮುಂದಿಟ್ಟು ಹೋದಳು. ಕೇಳಿದೆ. ಯಾವ ಹಾಡೆಂದು ನನಗೇ ತಿಳಿಯಲಿಲ್ಲ. ಸುಳ್ಳಲ್ಲ, ಮೊದಲ ಹತ್ತು ಸೆಕೆಂಡು ನಿಜವಾಗಿಯೂ ತಿಳಿಯಲಿಲ್ಲ. ಆಗ ಹೊಳೆಯಿತು: ಇಷ್ಟದ ಹಾಡು ನುಡಿಸುವಾಗ ಕಿವಿ ಗಿಟಾರಿನ ಕಡೆಗೆ ಇರುವುದೇ ಇಲ್ಲ. ಚಿಕ್ಕಂದಿನಿಂದ ಆಕಾಶವಾಣಿಯಲ್ಲಿ ಕೇಳಿ ಕೇಳಿ ತಲೆಯೊಳಗೆ ಕೂತಿರುವ ಹಾಡು ತನ್ನಷ್ಟಕ್ಕೆ ಓಡುತ್ತಿರುತ್ತದೆ. ಕೈ ಏನು ಮಾಡಿದರೂ ಅದರ ಮೇಲೆ ಆ ಹಾಡಿನ ಹೊದಿಕೆ ಬೀಳುತ್ತದೆ. ಕೇಳುವವರಿಗೆ ಆ ಹೊದಿಕೆ ಇಲ್ಲ. ಇಷ್ಟದ ಹಾಡಿನಿಂದಲೇ ಕಲಿಕೆ ಶುರು ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಉತ್ಸಾಹಕ್ಕೆ ಅದು ಸರಿ, ಲಯಕ್ಕೆ ಅದರಷ್ಟು ಮೋಸಗಾರ ಗುರು ಬೇರೆ ಇಲ್ಲ ಎಂಬುದು ನನ್ನ ಅನುಭವ.

ಎಂಟು ಮನೆ, ಆರು ಏಟು

ಗಿಟಾರ್ ಹಿಡಿದವರಿಗೆಲ್ಲ ಗೊತ್ತಿರುವ ಒಂದು ಸ್ಟ್ರಮ್ಮಿಂಗ್, ಅಂದರೆ ತಂತಿಗಳ ಮೇಲೆ ಬಲಗೈ ಆಡಿಸುವ ಕ್ರಮ, ಇದೆ. ಯೂಟ್ಯೂಬಿನಲ್ಲಿ ಕಲಿಸುವ ಹತ್ತು ಜನರಲ್ಲಿ ಎಂಟು ಜನ ಅದರಿಂದಲೇ ಶುರು ಮಾಡುತ್ತಾರೆ: ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ಬಾಣದ ಗುರುತುಗಳಲ್ಲಿ ಬರೆದು, ಮೊಬೈಲ್ ನಂಬರನ್ನು ಬಾಯಿಪಾಠ ಮಾಡುವ ಹಾಗೆ ಮಾಡಿಕೊಂಡಿದ್ದೆ. ಆರು ಏಟು, ಆರು ಬಾಣ. ಒಂದರ ಹಿಂದೆ ಒಂದು ಎರಡು ಸಲ ಮೇಲೆ ಹೋಗುವ ಜಾಗ ಮಾತ್ರ ಯಾವಾಗಲೂ ತೊಡಕು. ಮೇಲೆ ಹೋದ ಕೈ ಮತ್ತೆ ಮೇಲೆ ಹೋಗುವುದು ಹೇಗೆ? ನಾನು ಮಾಡುತ್ತಿದ್ದುದು ಇಷ್ಟು: ಕೈಯನ್ನು ಅಲ್ಲೇ ನಿಲ್ಲಿಸಿ, ಉಸಿರು ಹಿಡಿದು, ಕಳ್ಳನ ಹಾಗೆ ತಂತಿಯ ಮುಂದಿನಿಂದ ಕೆಳಗೆ ನುಸುಳಿ, ಮತ್ತೆ ಮೇಲಕ್ಕೆ ಎಳೆಯುವುದು. ಆ ನುಸುಳುವಿಕೆಗೆ ಒಮ್ಮೆ ಅರ್ಧ ಸೆಕೆಂಡು ಹಿಡಿಯುತ್ತಿತ್ತು, ಇನ್ನೊಮ್ಮೆ ಅದಕ್ಕಿಂತ ಹೆಚ್ಚು, ಗಾಬರಿಯಾದರೆ ಏನೂ ಹಿಡಿಯುತ್ತಿರಲಿಲ್ಲ. ಚಪ್ಪಾಳೆಯಿಂದ ನಾನು ಬೇರೆಯಾದದ್ದು ಸರಿಯಾಗಿ ಆ ಸಂದಿಯಲ್ಲಿ.

ಇದನ್ನು ಕಾಗದದ ಮೇಲೆ ಬಿಡಿಸಿದಾಗ ಗಣಿತದವನಾಗಿ ನಾಚಿಕೆಯಾಯಿತು. ನಾಲ್ಕು ಎಣಿಕೆ, ಪ್ರತಿ ಎಣಿಕೆಗೂ ಎರಡು ಅರ್ಧ: ಒಟ್ಟು ಎಂಟು ಮನೆ. ಬೆಸ ಮನೆಗಳಲ್ಲಿ ಕೈ ಇಳಿಯುತ್ತದೆ, ಸಮ ಮನೆಗಳಲ್ಲಿ ಏರುತ್ತದೆ. ಎಂಟರಲ್ಲಿ ಆರು ಮನೆಗಳಲ್ಲಿ ಮಾತ್ರ ತಂತಿಗೆ ಪಿಕ್ ತಾಗುತ್ತದೆ. ಎರಡನೆಯ ಮತ್ತು ಐದನೆಯ ಮನೆಗಳಲ್ಲಿ ತಾಗುವುದಿಲ್ಲ. ಆ ಐದನೆಯ ಮನೆ ಎಂದರೆ ಎಣಿಕೆಯಲ್ಲಿ ಮೂರು. ಅಂದರೆ ಒಂದು, ಎರಡು, ನಾಲ್ಕರ ಮೇಲೆ ಏಟು ಬೀಳುತ್ತದೆ, ಮೂರರ ಮೇಲೆ ಬೀಳುವುದಿಲ್ಲ. ಆರು ಬಾಣಗಳನ್ನು ಬರೆದುಕೊಟ್ಟವರು ಆ ಎರಡು ಖಾಲಿ ಮನೆಗಳನ್ನು ಬರೆದಿರಲಿಲ್ಲ. ಹತ್ತು ರೂಪಾಯಿಯ ಲೆಕ್ಕದಲ್ಲಿ ಸೊನ್ನೆ ಬಿಟ್ಟು ಒಂದನ್ನು ಮಾತ್ರ ಬರೆದ ಹಾಗೆ.

ಕಾಗದದ ಮೇಲೆ ತಿಳಿದದ್ದು ಕೈಗೆ ತಿಳಿಯಲಿಲ್ಲ, ಅದು ಬೇರೆ ಮಾತು. ಮೊಬೈಲಿಗೆ ಮೆಟ್ರೊನೋಮ್ ಹಾಕಿಕೊಂಡೆ. ಮೆಲ್ಟ್ಸೆಲ್ ಎಂಬಾತ 1815ರಲ್ಲಿ ಪೇಟೆಂಟ್ ಪಡೆದ ಆ ಟಿಕ್ ಟಿಕ್ ಪೆಟ್ಟಿಗೆ ಈಗ ಪುಕ್ಕಟೆಯಾಗಿ ಕಿಸೆಯೊಳಗಿದೆ. ನಿಮಿಷಕ್ಕೆ 90ರಲ್ಲಿ ಹೇಗೋ ತೂಗಿಸಿಕೊಂಡು ಹೋಗುತ್ತಿದ್ದೆ, ಸುಲಭವಾಗಲೆಂದು 60ಕ್ಕೆ ಇಳಿಸಿದರೆ ಪೂರ್ತಿ ನೆಲಕಚ್ಚಿದೆ. ಯೋಚಿಸಿದರೆ ಸಹಜವೇ. 60ರಲ್ಲಿ ಎರಡು ಟಿಕ್‌ಗಳ ನಡುವೆ ಪೂರಾ ಒಂದು ಸೆಕೆಂಡು. ಅಷ್ಟು ಅಗಲದ ಬಯಲಿನಲ್ಲಿ ದಾರಿ ತಪ್ಪಲು ಜಾಗ ಜಾಸ್ತಿ. ಟಿಕ್ ಎನ್ನುವುದು ಊರು ಎಲ್ಲಿದೆ ಎಂದು ಹೇಳುತ್ತದೆ, ನಡುವಿನ ಹೊಲದಲ್ಲಿ ಹೇಗೆ ನಡೆಯಬೇಕೆಂದು ಹೇಳುವುದಿಲ್ಲ. "ಫೀಲ್ ಮಾಡಿ" ಎನ್ನುವ ಯೂಟ್ಯೂಬಿನ ಮೇಷ್ಟ್ರುಗಳೂ ಹೇಳುವುದಿಲ್ಲ. ಗಣಿತ ಬಾರದ ಹುಡುಗನಿಗೆ ನಾನು "ಲೆಕ್ಕವನ್ನು ಫೀಲ್ ಮಾಡು" ಎಂದರೆ ಪಾಲಕರು ಬಿಟ್ಟಾರೆಯೇ?

ಇದರ ಡಗ್ಗಾ ಎಲ್ಲಿ?

ಶ್ರಾವಣದಲ್ಲಿ ಕಾಕಾ ಬಂದರು. ನಮ್ಮ ಅಪ್ಪನ ಕಿರಿಯ ತಮ್ಮ, ತಬಲಾ ನುಡಿಸುವವರು. ಹುಡುಗನಾಗಿದ್ದಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳು ಇದ್ದ ಕಾಲದಲ್ಲಿ ಕಲಿತವರು. ಶ್ರಾವಣ ಬಂತೆಂದರೆ ಈ ಭಾಗದ ಮಠಗಳಲ್ಲಿ ತಿಂಗಳಿಡೀ ಪುರಾಣ. ಪ್ರವಚನ ಹೇಳುವವರು ಒಬ್ಬರು, ಹಾಡುವ ಗವಾಯಿಗಳು ಒಬ್ಬರು, ತಬಲಾ ಸಾಥಿಗೆ ಇನ್ನೊಬ್ಬರು. ಆ ಮೂರನೆಯವರು ನಮ್ಮ ಕಾಕಾ. ಯಲಬುರ್ಗಾ ಕಡೆಯ ಹಳ್ಳಿಯೊಂದರ ಮಠಕ್ಕೆ ಹೋಗುವ ದಾರಿಯಲ್ಲಿ ಒಂದು ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಇಳಿದಿದ್ದರು. ಉಂಡು, ಎಲೆಯಡಿಕೆ ಹಾಕಿಕೊಂಡು, ಮೂಲೆಯಲ್ಲಿದ್ದ ಗಿಟಾರಿನ ಕಡೆಗೆ ಗದ್ದ ತೋರಿಸಿ, "ನುಡಿಸು ತಮ್ಮಾ" ಎಂದರು.

ನುಡಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ಇದರ ಡಗ್ಗಾ ಎಲ್ಲಿ?" ನಗೆಚಾಟಿಕೆ ಎಂದುಕೊಂಡೆ. ಅವರು ಎದ್ದು ಬಂದು, ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿ ಕೇಳಿದರು. ಆಮೇಲೆ ತೆಳುವಾದ ಎರಡನ್ನು ಉಗುರಿನಿಂದ ಮೀಟಿದರು. "ಇದು ಡಗ್ಗಾ, ಇದು ಅದರ ಪಕ್ಕದ ತಬಲಾ. ನೀನು ಎರಡನ್ನೂ ಎಲ್ಲ ಹೊತ್ತಿನಲ್ಲೂ ಒಟ್ಟಿಗೆ ಬಡಿಯುತ್ತಿದ್ದೀಯ. ನಾನು ಎಂಟು ಮಾತ್ರೆಗೂ ಧಾ ಧಾ ಧಾ ಎಂದೇ ಬಾರಿಸಿದರೆ ಗವಾಯಿಗಳು ಎದ್ದು ಹೋಗುತ್ತಾರೆ." ತಬಲಾ ಜೋಡಿಯಲ್ಲಿ ಎಡಗಡೆಯ ದಪ್ಪ ನಾದದ್ದು ಡಗ್ಗಾ, ಬಲಗಡೆಯ ಚೂಪು ನಾದದ್ದು ತಬಲಾ, ಎರಡೂ ಒಟ್ಟಿಗೆ ನುಡಿದರೆ ಧಾ. ಮಾತ್ರೆ ಎಂದರೆ ತಾಳದ ಒಂದು ಎಣಿಕೆ. ಮೇಲಕ್ಕೆ ಎಳೆಯುವಾಗಲೂ ನಾನು ಆರೂ ತಂತಿಗಳನ್ನು ಕೆರೆಯುತ್ತಿದ್ದೆ. ಇಳಿಯುವ ಕೈ ದಪ್ಪ ತಂತಿಗಳ ಮೇಲೆ ಭಾರ ಹಾಕಬೇಕು, ಏರುವ ಕೈ ತೆಳುವಾದ ಎರಡು ಮೂರು ತಂತಿಗಳನ್ನು ಸವರಿ ಹೋದರೆ ಸಾಕು ಎಂಬುದನ್ನು ಗಿಟಾರನ್ನು ಅಂದೇ ಮೊದಲ ಸಲ ಮುಟ್ಟಿದ ಮನುಷ್ಯ ಹೇಳಿಕೊಟ್ಟರು.

ಆಮೇಲೆ ನನ್ನ ಮೂರನೆಯ ಏಟಿನ ದುಃಖವನ್ನು ತೋಡಿಕೊಂಡೆ. ಕಾಗದದ ಮೇಲಿನ ಎಂಟು ಮನೆಗಳನ್ನೂ ತೋರಿಸಿದೆ. ಅದನ್ನು ನೋಡದೆ ಪಕ್ಕಕ್ಕಿಟ್ಟರು. "ತೀನ್‌ತಾಲ ಹಾಕು" ಎಂದರು. ಚಿಕ್ಕಂದಿನಲ್ಲಿ ಅವರೇ ಕಲಿಸಿದ್ದು: ಹದಿನಾರು ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. ಒಂದಕ್ಕೆ, ಐದಕ್ಕೆ, ಹದಿಮೂರಕ್ಕೆ ಚಪ್ಪಾಳೆ. ಒಂಬತ್ತಕ್ಕೆ ಮಾತ್ರ ಚಪ್ಪಾಳೆಯಿಲ್ಲ, ಕೈಯನ್ನು ಹೊರಗೆ ಬೀಸಬೇಕು. ಅದು ಖಾಲಿ. ತಬಲಾದಲ್ಲಿ ಆ ಹೊತ್ತಿಗೆ ಡಗ್ಗಾದ ಗುಂಯ್ ಎನ್ನುವ ನಾದ ಹಿಂದೆ ಸರಿದು, ಧಿನ್ ಇದ್ದದ್ದು ತಿನ್ ಆಗುತ್ತದೆ. ಹಾಕಿದೆ. ಮೂರನೆಯ ಭಾಗಕ್ಕೆ ಬಂದಾಗ ನನ್ನ ಕೈ ಅರ್ಧ ಬೀಸಿ ತೊಡೆಯ ಮೇಲೆ ಇಳಿದು ಕುಳಿತಿತು. ಕಾಕಾ ಗದರಿದರು: "ಬೀಸು ಎಂದೆ, ಇಳಿಸು ಎಂದೆನೇ?"

ನಾಲ್ಕು ಭಾಗಗಳಲ್ಲಿ ಖಾಲಿ ಬೀಳುವುದು ಮೂರನೆಯದರಲ್ಲಿ. ಗಿಟಾರಿನ ಆ ನಾಲ್ಕು ಎಣಿಕೆಯಲ್ಲಿ ಏಟು ಬೀಳದೆ ಹೋಗುವುದೂ ಮೂರನೆಯದರಲ್ಲಿ. ಎರಡು ಬೇರೆ ಬೇರೆ ಲೋಕದ ಲೆಕ್ಕಗಳು, ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತನವಿಲ್ಲ. ಕಾಕಾನ ತಾಳವಾದ್ದರಿಂದ ಇದನ್ನು ಕಾಕತಾಳೀಯ ಎಂದೇ ಕರೆಯಬೇಕು. ಆದರೆ ನನಗೆ ದಾರಿ ಸಿಕ್ಕಿದ್ದು ಆ ಕಾಕತಾಳೀಯದಿಂದಲೇ. ಆ ಮಧ್ಯಾಹ್ನ ಕಾಕಾ ಪಿಕ್ ಕಸಿದುಕೊಂಡರು. ಎಡ ಅಂಗೈಯನ್ನು ತಂತಿಗಳ ಮೇಲೆ ಹಗುರವಾಗಿ ಮಲಗಿಸಿ ನಾದವನ್ನು ಬಾಯಿ ಮುಚ್ಚಿಸಿದರು. ಬರಿಯ ಬಲಗೈ ಇಳಿದು ಏರಬೇಕು, ಬಾಯಲ್ಲಿ "ಒಂದು, ಎರಡು, ಖಾಲಿ, ನಾಲ್ಕು" ಎನ್ನಬೇಕು. ಖಾಲಿ ಎಂದಾಗ ಕೈ ತಂತಿಯ ಮುಂದಿನ ಗಾಳಿಯಲ್ಲಿ ಇಳಿಯಬೇಕು, ಇಳಿಯಲೇಬೇಕು. ಅವರು ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಎಂಟು ಮಾತ್ರೆಯ ಕೆಹರವಾ ತಾಳ ಹಿಡಿದರು: ಧಾ ಗೆ ನಾ ತಿ, ನಾ ಕ ಧಿ ನಾ. ಅಡುಗೆಮನೆಯಿಂದ ನನ್ನ ಹೆಂಡತಿ ಇಣುಕಿ ನೋಡಿ, ಇಬ್ಬರೂ ಏನು ಗಾಳಿ ಓಡಿಸುತ್ತಿದ್ದೀರಿ ಎಂದು ನಕ್ಕು ಹೋದಳು. ಇಪ್ಪತ್ತು ನಿಮಿಷವಾದ ಮೇಲೆ ಒಂದು ಸಂಗತಿ ನಡೆಯಿತು. ನಾಲ್ಕು ವರ್ಷ ನಾನು ಕೈಯನ್ನು ಎತ್ತಿ ಎತ್ತಿ ಏಟು ಹಾಕುತ್ತಿದ್ದೆ. ಈಗ ಕೈ ಜೋಕಾಲಿಯಂತೆ ತನ್ನ ಪಾಡಿಗೆ ತೂಗುತ್ತಿತ್ತು, ತಂತಿ ಅಡ್ಡ ಬಂದಲ್ಲಿ ಸದ್ದಾಗುತ್ತಿತ್ತು, ಅಷ್ಟೆ. ಕೈ ತೂಗುವುದು ಒಂದು ಕೆಲಸ, ತಂತಿಗೆ ತಾಗಿಸುವುದೋ ಬಿಡುವುದೋ ಎಂಬುದು ಇನ್ನೊಂದು. ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಬಸ್ಸಿಗೆ ಹೊತ್ತಾಯಿತೆಂದು ಕಾಕಾ ಎದ್ದರು. ಪಿಕ್ಕನ್ನು ಮರಳಿ ಕೊಡಲು ಮರೆತು ಜೇಬಿನಲ್ಲೇ ಒಯ್ದರು. 0.46ರದ್ದು, ಹೋದರೆ ಹೋಗಲಿ.

ಎರಡು ಮೂರಲಿ ಆರು

ಇಷ್ಟಾದ ಮೇಲೆ ಎಲ್ಲ ಹಾಡುಗಳೂ ಬಗ್ಗಿ ಸಲಾಮು ಹೊಡೆಯುತ್ತವೆ ಎಂದುಕೊಂಡೆ. ಎಂಬತ್ತರ ದಶಕದ ಒಂದು ಸಿನಿಮಾ ಹಾಡು, ನನಗೆ ಪ್ರಾಣ. ಅದಕ್ಕೆ ಇದೇ ಸ್ಟ್ರಮ್ಮಿಂಗ್ ಹಾಕಿದರೆ ಎತ್ತಿನ ಗಾಡಿಗೆ ಲಾರಿಯ ಚಕ್ರ ಹಾಕಿದಂತೆ ಕುಲುಕಾಡಿತು. ಅದು ಆರು ಮಾತ್ರೆಯ ಹಾಡು, ದಾದರಾ ತಾಳದ ನಡಿಗೆ. ನಾಲ್ಕರ ಅಳತೆಯ ಅಂಗಿ ಅದಕ್ಕೆ ಹಿಡಿಸುವುದಿಲ್ಲ. ಸರಿ, ಆರಕ್ಕೆ ಹೊಂದುವುದನ್ನು ಹುಡುಕಿದೆ: ಕೆಳಗೆ, ಕೆಳಗೆ-ಮೇಲೆ, ಕೆಳಗೆ-ಮೇಲೆ. ಮನೆ ಆರು, ಲೆಕ್ಕ ಸರಿ. ಆದರೂ ಹಾಡು ಬೇರೇನೋ ಆಗಿಬಿಟ್ಟಿತು. ಎಲ್ಲೋ ಬ್ಯಾಂಡಿನವರು ಬಾರಿಸುವ ವಾಲ್ಟ್ಜ್ ಎಂಬ ಪಾಶ್ಚಾತ್ಯ ಕುಣಿತದ ಹಾಗೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ, ಆರನೆಯ ತರಗತಿಗೆ ಮಗ್ಗಿ ಹೇಳಿಸುತ್ತಿರುವಾಗ ಹೊಳೆಯಿತು. ಎರಡು ಮೂರಲಿ ಆರು, ಮೂರು ಎರಡಲಿ ಆರು. ನಾನು ನುಡಿಸುತ್ತಿದ್ದುದು ಎರಡೆರಡರ ಮೂರು ಗುಂಪು. ದಾದರಾ ಮೂರು ಮೂರರ ಎರಡು ಗುಂಪು: ಧಾ ಧಿ ನಾ, ಧಾ ತು ನಾ. ಒತ್ತು ಬೀಳಬೇಕಾದದ್ದು ಒಂದರ ಮೇಲೆ ಮತ್ತು ನಾಲ್ಕರ ಮೇಲೆ. ನಾಲ್ಕನೆಯ ಮಾತ್ರೆಗೆ ನನ್ನ ಕೈ ಮೇಲಕ್ಕೆ ಹೋಗುತ್ತಿತ್ತು, ಅಲ್ಲಿ ಭಾರ ಹೇಗೆ ಬಂದೀತು? ಗುಣಾಕಾರದಲ್ಲಿ ಸಂಖ್ಯೆಗಳನ್ನು ಹಿಂದುಮುಂದು ಮಾಡಿದರೂ ಉತ್ತರ ಒಂದೇ ಎಂದು ಹದಿನಾರು ವರ್ಷಗಳಿಂದ ಹೇಳಿಕೊಂಡು ಬಂದವನು ನಾನು. ಈಗ ಮಕ್ಕಳಿಗೆ ಎರಡೂ ರೀತಿ ಚಪ್ಪಾಳೆ ತಟ್ಟಿಸಿ ತೋರಿಸುತ್ತೇನೆ. ಉತ್ತರ ಒಂದೇ, ನಡಿಗೆ ಬೇರೆ. ಪಠ್ಯಪುಸ್ತಕದಲ್ಲಿ ಇಲ್ಲದ ಈ ಪಾಠಕ್ಕೆ ತಪಾಸಣೆಗೆ ಬಂದವರು ಏನೆನ್ನುತ್ತಾರೋ ಗೊತ್ತಿಲ್ಲ.

ಎಡಗೈ ತಿರುಗಿಸುವ ಹೊತ್ತು

ಒಂದು ತೊಡಕು ಆಗಲೂ ಉಳಿದಿತ್ತು. ಒಂದೇ ಕಾರ್ಡ್ ಹಿಡಿದಿರುವವರೆಗೆ ಬಲಗೈ ಚೆನ್ನಾಗಿ ತೂಗುತ್ತಿತ್ತು. ಕಾರ್ಡ್ ಬದಲಾಯಿಸುವ ಹೊತ್ತು ಬಂತೆಂದರೆ, ಎಡಗೈ ಹೊಸ ಜಾಗದಲ್ಲಿ ಕೂರುವವರೆಗೆ ಬಲಗೈ ಮರ್ಯಾದೆಯಿಂದ ನಿಂತು ಕಾಯುತ್ತಿತ್ತು. ಹೊಸ ಸೊಸೆಯ ಹಾಗೆ.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಊರುಗಳಿಂದ ಜೋಳದ ರೊಟ್ಟಿಗಳು ಲಕ್ಷಗಟ್ಟಲೆ ಬರುವುದು ಈ ಕಡೆಯವರಿಗೆಲ್ಲ ಗೊತ್ತು. ನಮ್ಮ ಊರಿನಿಂದಲೂ ಟ್ರ್ಯಾಕ್ಟರ್ ಹೊರಡುತ್ತದೆ. ಅದಕ್ಕೆ ವಾರ ಮೊದಲಿನಿಂದಲೇ ಓಣಿಯ ಹೆಂಗಸರು ಸಂಜೆ ಒಂದು ಮನೆಯಲ್ಲಿ ಸೇರಿ ರೊಟ್ಟಿ ಬಡಿಯುತ್ತಾರೆ. ಈ ಸಲ ನಮ್ಮ ಮನೆಯ ಸರದಿ ಬಂದ ದಿನ ನಾನು ಊರಿನಲ್ಲಿದ್ದೆ. ಹಿತ್ತಲಿನಲ್ಲಿ ಮೂರು ಒಲೆ, ಒಲೆಗೊಂದು ಹೆಂಚು, ಹೆಂಚಿಗೊಬ್ಬಳು ಬೇಯಿಸುವವಳು. ಬಡಿಯುವವರು ಐದಾರು ಜನ. ಬಾಗಿಲಿಗೆ ಒರಗಿ ಅವ್ವನ ಕೈ ನೋಡುತ್ತ ನಿಂತೆ. ಹುಟ್ಟಿದಾಗಿನಿಂದ ನೋಡಿದ ಕೈ, ಆದರೆ ಹೀಗೆ ನೋಡಿರಲಿಲ್ಲ.

ಅವ್ವನ ಮೊಣಕೈ ಅಲುಗುವುದೇ ಇಲ್ಲ, ಎಲ್ಲ ಕೆಲಸ ಮಣಿಕಟ್ಟಿನದು. ಅಂಗೈ ಹಿಟ್ಟಿನ ಮೇಲೆ ಬೀಳುತ್ತದೆ, ಏಳುತ್ತದೆ. ಏಳುವ ಆ ಕಿಂಚಿತ್ ಹೊತ್ತಿನಲ್ಲಿ ಎಡಗೈ ಅಂಚಿಗೆ ತಾಗಿ ರೊಟ್ಟಿಯನ್ನು ಒಂದಿಷ್ಟು ತಿರುಗಿಸುತ್ತದೆ. ತಿರುಗಿಸುವುದು ಮುಗಿಯಿತೇ ಎಂದು ಬಲಗೈ ಕೇಳುವುದಿಲ್ಲ. ಅದು ಇಳಿದು ಬರುತ್ತದೆ. ಎಡಗೈ ಅಷ್ಟರೊಳಗೆ ಮುಗಿಸಿಕೊಂಡಿರಬೇಕು, ಮುಗಿಸಿಕೊಂಡಿರುತ್ತದೆ. ಒಮ್ಮೊಮ್ಮೆ ಪೂರ್ತಿ ತಿರುಗಿರುವುದಿಲ್ಲ, ಏಟು ಅರೆಬರೆ ಜಾಗಕ್ಕೆ ಬೀಳುತ್ತದೆ. ಬಿದ್ದರೆ ಬೀಳಲಿ, ಮುಂದಿನ ಏಟಿಗೆ ಸರಿಯಾಗುತ್ತದೆ. ನಡುವೆ ಒಣಹಿಟ್ಟು ಉದುರಿಸಲು ಬಲಗೈ ಪರಾತದ ಕಡೆಗೆ ಹೋಯಿತು. ಒಂದು ಏಟು ಬೀಳಲಿಲ್ಲ. ಅದರ ಮುಂದಿನದು ಬೀಳಬೇಕಾದ ಹೊತ್ತಿಗೆ, ಕೂದಲೆಳೆಯಷ್ಟೂ ಆಚೀಚೆಯಾಗದೆ ಬಿತ್ತು. ಮೂರನೆಯ ಸಲ ಹಿಟ್ಟಿಗೆ ಕೈ ಹೋದಾಗ ನಾನು ಬಾಯಲ್ಲಿ ಮೆಲ್ಲಗೆ "ಖಾಲಿ" ಎಂದೆ.

"ಏನೋ ಹಾಗೆ ನೋಡುತ್ತಿದ್ದೀಯ, ಹಸಿವೆಯಾಗಿದೆಯೇ?" ಎಂದಳು ಅವ್ವ.

"ನೀನು ಹೇಗೆ ಎಣಿಸುತ್ತೀಯ ಅವ್ವ?"

"ಎಣಿಸುವವಳು ಹೆಂಚಿನ ಮುಂದೆ ಇದ್ದಾಳೆ, ಅವಳನ್ನು ಕೇಳು. ಇನ್ನೂರು ದಾಟಿರಬೇಕು."

ಗಿಟಾರನ್ನು ಊರಿಗೆ ಒಯ್ದಿದ್ದೆ. ಪಡಸಾಲೆಯ ಹೊರಸಿನ ಮೇಲೆ ಕುಳಿತು, ಹಿತ್ತಲಿನ ಸದ್ದಿಗೆ ಕಿವಿಯಿಟ್ಟು ಬಲಗೈಯನ್ನು ತೂಗಲು ಬಿಟ್ಟೆ. ಐದಾರು ಜನರ ಬಡಿತ ಒಂದೇ ತಾಳದಲ್ಲಿ ಇರುವುದಿಲ್ಲ, ನಾನು ಅವ್ವನದನ್ನು ಮಾತ್ರ ಹಿಡಿದುಕೊಂಡೆ. ಜಿ ಕಾರ್ಡಿಗೆ ಹೋಗುವ ಹೊತ್ತು ಬಂತು. ಎಡಗೈ ಇನ್ನೂ ಗಾಳಿಯಲ್ಲಿತ್ತು. ಬಲಗೈ ನಿಲ್ಲದೆ ಮೇಲಕ್ಕೆ ಹೋಯಿತು, ಯಾವ ಬೆರಳೂ ಅದುಮದ ತಂತಿಗಳು ಬೋಳಾಗಿ ನುಡಿದವು. ಅಯ್ಯೋ ಎಂದುಕೊಳ್ಳುವಷ್ಟರಲ್ಲಿ ಕೈ ಇಳಿದು ಬಂತು, ಅಷ್ಟರಲ್ಲಿ ಬೆರಳುಗಳೂ ಬಂದು ಕುಳಿತಿದ್ದವು. ಆ ಬೋಳು ಏಟು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಗಮನವಿಟ್ಟು ಕೇಳಿದರೆ ಒಳ್ಳೆಯ ವಾದಕರ ನುಡಿಸಾಣಿಕೆಯಲ್ಲೂ ಕಾರ್ಡ್ ಬದಲಾಗುವ ಸಂದಿಯಲ್ಲಿ ಆ ಬೋಳು ಏಟು ಇದ್ದೇ ಇದೆ, ಯಾರೂ ಅದಕ್ಕೆ ನಾಚಿಕೊಂಡಂತಿಲ್ಲ.

ಪಲ್ಲವಿ ಎರಡು ಸಲ ಹೋಯಿತು. ಚರಣಕ್ಕೆ ಬಂದಾಗ ಹಿತ್ತಲಿನಿಂದ ಯಾರೋ ನನಗಿಂತ ಮೊದಲು ಸಾಲು ಎತ್ತಿಕೊಂಡರು, ಇನ್ನೊಬ್ಬರು ಸೇರಿದರು. ಯಾವ ಹಾಡೆಂದು ಅವರಿಗೆ ತಿಳಿದಿತ್ತು. ಕೊನೆಯ ಸಾಲು ಮುಗಿಸಿ ಗಿಟಾರನ್ನು ಹೊರಸಿನ ಮೇಲೆ ಮಲಗಿಸಿದೆ. ಒಳಗಿನ ಬಡಿತ ತುಸು ಸಡಿಲಾಯಿತು.

"ನಿಲ್ಲಿಸಬೇಡವೋ," ಎಂದು ಅವ್ವ ಕೂಗಿದಳು, "ಇನ್ನೂ ಎರಡು ಸೇರು ಹಿಟ್ಟು ಉಳಿದಿದೆ."